ಅವ್ವನ ಮಂಡಿ, ನನ್ನ ರಾಗಿಕಲ್ಲು

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಅಕ್ಷರ ಕೈಕೊಟ್ಟರೂ ರಟ್ಟೆ ಕೈಕೊಡಲಿಲ್ಲ. ಮಾದಿಹಳ್ಳಿಯಲ್ಲಿ ಇವನಷ್ಟು ಗೇಯುವವನಿಲ್ಲ ಎಂದು ಯಾರಾದರೂ ಹೇಳಿದರೆ, ಅಲ್ಲ ಎನ್ನುವ ಸಂಕೋಚ ನನಗಿರಲಿಲ್ಲ. ಐವತ್ತರ ದಶಕದ ಕೊನೆಗೆ ಹಳೇಬೀಡಿನಲ್ಲಿ ಹಿಟ್ಟಿನ ಮಿಲ್ಲು ಶುರುವಾದಾಗ ಊರವರೆಲ್ಲ ರಾಗಿ ಹೊತ್ತುಕೊಂಡು ಅಲ್ಲಿಗೆ ಹೋದರು. ನಾನು ಹೋಗಲಿಲ್ಲ. ಮಿಲ್ಲಿನ ಹಿಟ್ಟಿಗೆ ಸುಟ್ಟ ವಾಸನೆ, ಆ ಮುದ್ದೆ ತಿಂದರೆ ನೇಗಿಲು ಹಿಡಿಯೋಕಾಗಲ್ಲ, ನಮ್ಮ ಮನೆಯಲ್ಲೇನಿದ್ದರೂ ಕಲ್ಲಿನ ಹಿಟ್ಟೇ ಎಂದು ಹೋಟೆಲಿನ ಬೆಂಚಿನ ಮೇಲೆ ಕೂತು ಹೇಳುತ್ತಿದ್ದೆ.

ಬೀಸುತ್ತಿದ್ದವನು ನಾನಲ್ಲ, ಅವ್ವ. ಅವಳಿಗಾಗಲೇ ಅರವತ್ತರ ಹತ್ತಿರ. ಹೆಂಡತಿ ಬೀಸಿದರೆ ತರಿತರಿಯಾಗುತ್ತದೆ ಎಂದು ನಾನೇ ಮುಖ ಸಿಂಡರಿಸಿ, ಆ ಕೆಲಸವನ್ನು ಅವ್ವನಿಗೇ ಉಳಿಸಿದ್ದೆ.

ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಮೈಸೂರು ಕಡೆಯಿಂದ ಒಬ್ಬ ಡಾಕ್ಟರು ಬಂದರು. ಸೂಜಿ ಚುಚ್ಚುವುದಕ್ಕಲ್ಲ, ಬರೆದುಕೊಳ್ಳುವುದಕ್ಕೆ. ಹೆಂಗಸರಿಗೆ ಮಂಡಿನೋವು ಯಾಕೆ ಬರುತ್ತದೆ, ಯಾವ ಕೆಲಸಕ್ಕೆ ಕಾಲು ಹೇಗೆ ಮಡಿಸುತ್ತಾರೆ, ಎಷ್ಟು ವರ್ಷದಿಂದ ಎಂದು ಮನೆಮನೆಗೂ ಹೋಗಿ ಕೇಳುತ್ತಿದ್ದರು. ನೋವು ಇದೆ ಎಂದವರನ್ನು ಸೋಮವಾರ ಅರಸೀಕೆರೆಗೆ ಕರೆದೊಯ್ದು ಮೂಳೆಯ ಫೋಟೋ ತೆಗೆಸಿ, ಔಷಧಿಯನ್ನೂ ಕೊಡಿಸುವುದಾಗಿ ಹೇಳಿದ್ದರು. ರಾಗಿ ಬೀಸುವುದನ್ನು ಕಣ್ಣಾರೆ ನೋಡಬೇಕು ಎಂದಾಗ ನಾನೇ ಮುಂದೆ ಬಿದ್ದು ಮನೆಗೆ ಕರೆತಂದೆ. ಹಿಂದೆ ಹತ್ತು ಜನ.

"ನಮ್ಮವ್ವನ್ನ ನೋಡಿ ಸಾರ್. ನಲವತ್ತು ವರ್ಷದಿಂದ ಬೀಸ್ತಾವ್ಳೆ. ಒಂದಿನ ಮಂಡಿ ನೋವು ಅಂದೋಳಲ್ಲ."

"ಬೀಸೋಳು ಬಾಯಿ ಬಿಡ್ಲಿ ತಡಿಯೋ, ತಿನ್ನೋನೇ ಎಲ್ಲಾ ಹೇಳ್ತಾನೆ" ಎಂದ ಹೋಟೆಲಿನವನು. ಜನ ನಕ್ಕರು.

ಅವ್ವ ಬಲಗಾಲು ಚಾಚಿ, ಎಡಗಾಲು ಮಡಿಸಿ ಕೂತು ಎರಡು ಬೊಗಸೆ ಬೀಸಿದಳು. ಡಾಕ್ಟರು ನೆಲಕ್ಕೆ ಬಗ್ಗಿ ಆ ಮಡಿಸಿದ ಕಾಲನ್ನೇ ನೋಡುತ್ತಿದ್ದರು. ಆಮೇಲೆ ಏಳಮ್ಮ ಎಂದರು. ದಿನಾ ಅವಳು ಏಳುತ್ತಿದ್ದ ರೀತಿ ನನಗೆ ಗೊತ್ತಿತ್ತು. ಪಕ್ಕಕ್ಕೆ ಹೊರಳಿ, ಅಂಗೈ ಊರಿ, ಕಂಬ ಹಿಡಿದು. ಅವತ್ತು ಅವಳು ಏನನ್ನೂ ಮುಟ್ಟಲಿಲ್ಲ. ಒಂದೇ ಸಲಕ್ಕೆ ಎದ್ದು ನಿಂತಳು. ಕೆಳತುಟಿ ಹಲ್ಲಿನಡಿ ಹೋಗಿತ್ತು.

"ನೋವಿದೆಯಾ ತಾಯಿ?"

ಅವ್ವ ನೋಡಿದ್ದು ಡಾಕ್ಟರನ್ನಲ್ಲ, ನನ್ನ ಮುಖವನ್ನು.

"ಇಲ್ಲ ಕಣಪ್ಪ."

ಗೋಡೆಯ ಗೂಟದಲ್ಲಿ ಹರಳೆಣ್ಣೆ ಜಿಡ್ಡಿನ ಬಟ್ಟೆ ನೇತಾಡುತ್ತಿತ್ತು. ಎಕ್ಕದ ಎಲೆ ಬಿಸಿಮಾಡಿ ಅವಳು ಮಂಡಿಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆ. ನಾನು ಮೆಲ್ಲಗೆ ಜರುಗಿ ಅದಕ್ಕೆ ಬೆನ್ನು ಕೊಟ್ಟು ನಿಂತೆ. ಡಾಕ್ಟರು ಬರೆದುಕೊಂಡರು.

ಭಾನುವಾರ ಊಟ ಸೇರಲಿಲ್ಲ. ಡಾಕ್ಟರಿಗೆ ನಿಜ ಹೇಳಿಬಿಡೋಣ ಎಂದು ಹಳೇಬೀಡಿಗೆ ನಡೆದೇ ಹೋದೆ. ಡಾಕ್ಟರು ತಾವು ಇಳಿದುಕೊಂಡಿದ್ದ ಮನೆಯ ಜಗುಲಿಯಲ್ಲಿ ಕೂತು ಬರೆಯುತ್ತಿದ್ದರು. ಎದುರಿನ ಅಂಗಡಿಯ ಹತ್ತಿರ ನಮ್ಮೂರಿನ ಇಬ್ಬರು ಬೀಡಿ ಸೇದುತ್ತ ನಿಂತಿದ್ದರು. ಅವರು ಹೋಗಲಿ ಎಂದು ಕೆರೆ ಏರಿಯ ಮೇಲೆ ಕಾದೆ. ಅವರೇನೋ ಹೋದರು. ಆದರೂ ನನ್ನ ಕಾಲು ಆ ಜಗುಲಿ ಹತ್ತಲಿಲ್ಲ. ಹಿಂದಕ್ಕೆ ಬಂದೆ.

ಸೋಮವಾರ ಊರಿನ ಆರು ಹೆಂಗಸರು ಬಸ್ಸಿಗೆ ಹೊರಟರು. ಅವ್ವ ಬಾಗಿಲ ಕಂಬ ಹಿಡಿದು, ಬಸ್ಸಿನ ಧೂಳು ಅಡಗುವವರೆಗೂ ನೋಡಿದಳು. ಆಮೇಲೆ ಒಳಗೆ ಕಲ್ಲು ತಿರುಗುವ ಸದ್ದು ಕೇಳಿತು.

ಆ ಸದ್ದನ್ನು ಇನ್ನೊಂದು ತಿಂಗಳು ಕೇಳಿದೆ. ಒಂದು ದಿನ ತಡೆಯಲಾಗದೆ ರಾಗಿಮೂಟೆ ಹೊತ್ತು, ಹೋಟೆಲಿನ ಕಣ್ಣು ತಪ್ಪಿಸಿ ಹೊಲದ ಬದುವಿನ ಮೇಲೆ ನಡೆದು ಮಿಲ್ಲಿಗೆ ಹೋಗಿಬಂದೆ. ಅವ್ವ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಈಗ್ಯಾಕ್ಲಾ ತಂದೆ? ನನ್ನ ಮಂಡಿ ಚೆನ್ನಾಗೈತೆ ಅಂತ ಬರ್ಕೊಂಡು ಹೋದ್ರಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಒಂದು ಮಾತು ಎದುರಾಡಿ ಹಗುರವಾಗುತ್ತಿದ್ದೆ. ಅವ್ವ ಸಾಯುವ ಹೊತ್ತಿಗೆ ತೆವಳಿಕೊಂಡೇ ಹಿತ್ತಿಲಿಗೆ ಹೋಗುತ್ತಿದ್ದಳು. ಡಾಕ್ಟರು ಬರೆದುಕೊಂಡ ಆ ಕಾಗದವನ್ನು ಓದಿದವರು, ನಲವತ್ತು ವರ್ಷ ಬೀಸಿದರೂ ಮಂಡಿ ಸವೆಯದ ಹೆಂಗಸೊಬ್ಬಳು ಹಳೇಬೀಡಿನ ಕಡೆ ಇದ್ದಳೆಂದು ಇವತ್ತಿಗೂ ನಂಬಿರಬಹುದು.