ಒಂದೇ ಚಪ್ಪರ, ಎರಡು ವಾಚು

ಮುನ್ನೂರು ಅಡಿ ನೀರಿನ ಕೆಳಗೂ ನಡೆಯುವ ವಾಚು ಕಟ್ಟಿಕೊಂಡು ಆರಡಿ ಆಳದ ನೀರಿನ ಸಂಪಿನೊಳಗೆ ಇಳಿಯುವ ಪ್ಲಂಬರ್ ಮೈಸೂರಿನಲ್ಲಿ ನಾನೊಬ್ಬನೇ ಇರಬೇಕು. ಸಮುದ್ರದಲ್ಲಿ ಮುಳುಗುವವರಿಗೆಂದು ಯಾವುದೋ ದೇಶದಲ್ಲಿ ಮಾಡಿದ ಆ ವಾಚು ಕೆಸರೆಯ ಎಷ್ಟೋ ಮನೆಗಳ ಸಂಪಿನ ತಳ ಕಂಡಿದೆ. ಏಳನೇ ಕ್ಲಾಸಿಗೆ ಪುಸ್ತಕ ಮುಚ್ಚಿಟ್ಟು ಪೈಪು ಹಿಡಿದವನು ನಾನು. ನಾನು ಎಳೆದ ಲೈನು ಸೋರಿದ್ದನ್ನು ಯಾರೂ ನೋಡಿಲ್ಲ. ನೋಡಿದೆವು ಎಂದವರ ಮನೆಗೆ ಹೋಗಿ, ಅದು ಬೇರೆಯವರು ಹಾಕಿದ ಜಾಯಿಂಟು ಎಂದು ತೋರಿಸಿಕೊಟ್ಟು ಬಂದಿದ್ದೇನೆ. ಅಂಥವನ ಕೈಯಲ್ಲಿ ಅಂಥದೇ ವಾಚು ಇರಬೇಕಲ್ಲ.

ಕೊಟ್ಟವರು ನನ್ನ ಮಾವ. ಅವರು ಟೂರಿಸ್ಟ್ ಟ್ಯಾಕ್ಸಿ ಓಡಿಸುತ್ತಿದ್ದರು. ಹಡಗಿನ ತಳಕ್ಕೆ ಮುಳುಗಿ ರಿಪೇರಿ ಮಾಡುವ ಕೆಲಸದ ಒಬ್ಬ ಫಾರಿನ್ನಿನವನು ದಸರಾ ನೋಡಲು ಬಂದು, ವಾರವೆಲ್ಲ ಅವರ ಗಾಡಿಯಲ್ಲಿ ಸುತ್ತಿ, ಹೋಗುವಾಗ ಕೈಯಲ್ಲಿದ್ದ ವಾಚನ್ನೇ ಬಿಚ್ಚಿ ಕೊಟ್ಟಿದ್ದನಂತೆ. ಮಾವನಿಗೆ ಇಬ್ಬರು ಹೆಣ್ಣುಮಕ್ಕಳು. ಖರ್ಚು ಉಳಿಯಲಿ ಎಂದು ಇಬ್ಬರ ಮದುವೆಯನ್ನೂ ಒಂದೇ ದಿನ ಒಂದೇ ಚಪ್ಪರದಲ್ಲಿ ಮಾಡಿದರು. ಚಪ್ಪರದಲ್ಲಿ ಅಳಿಯಂದಿರಿಗೆ ವಾಚು ಕಟ್ಟಿದರು. ಒಂದೇ ಥರದ ಎರಡು ವಾಚು: ಕಪ್ಪು ಡಯಲ್ಲು, ಸುತ್ತ ತಿರುಗುವ ಬಳೆ, ದಪ್ಪ ಮುಳ್ಳು. ಎರಡೂ ಆ ಫಾರಿನ್ನಿನವನು ಕೊಟ್ಟದ್ದೇ ಎಂದುಕೊಂಡಿದ್ದೆವು.

ಇನ್ನೊಂದು ವಾಚು ಕಟ್ಟಿಸಿಕೊಂಡವರು ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಬಿ.ಎ. ಮಾಡಿದವರು, ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡಿ ಈಗ ರಿಟೈರ್ ಆಗಿದ್ದಾರೆ. ನಾನು ಅವರನ್ನು ಭಾವ ಎನ್ನುತ್ತೇನೆ. ಅವರು ನನ್ನನ್ನು ಮೇಸ್ತ್ರಿಗಳೇ ಎನ್ನುತ್ತಾರೆ. ಆ "ಗಳೇ"ಯನ್ನು ಅವರು ಎಳೆಯುವ ರೀತಿಯಲ್ಲಿ ಮರ್ಯಾದೆ ಎಷ್ಟು, ಗೇಲಿ ಎಷ್ಟು ಎಂದು ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ಮದುವೆಯಾದ ಹೊಸತರಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಒಂದು ದಿನ ಅತ್ತೆ ಸೊಪ್ಪು ಬಿಡಿಸುತ್ತಾ ಮಾತಿಗೆ ಮಾತು ಬಂದು, "ಆ ಫಾರಿನ್ನೋನು ಕೊಟ್ಟಿದ್ದು ಒಂದೇ ವಾಚು ಕಣ್ರಪ್ಪ" ಎಂದುಬಿಟ್ಟರು. ಅಲ್ಲಿಗೆ ಶುರುವಾಯಿತು. ಕೊಟ್ಟಿದ್ದು ಒಂದಾದರೆ ಇನ್ನೊಂದು ಡೂಪ್ಲಿಕೇಟು. ಮಾವ ಅಸಲಿಯನ್ನು ಯಾವ ಅಳಿಯನಿಗೆ ಕಟ್ಟಿದರು?

ಇದು ವಾಚಿನ ಪ್ರಶ್ನೆಯಲ್ಲ, ಮಾವನ ಮನಸ್ಸಿನಲ್ಲಿ ಯಾರು ಮೇಲು ಎಂಬ ಪ್ರಶ್ನೆ. ಡಿಗ್ರಿಯ ಅಳಿಯನೋ, ದುಡಿಯುವ ಅಳಿಯನೋ? ಮಾವನನ್ನೇ ಕೇಳಿದರೆ, "ಇಬ್ರಿಗೂ ಒಂದೇ ಥರದ್ದು ಕೊಟ್ಟಿವ್ನಿ, ಹೋಗ್ರಪ್ಪ" ಎಂದು ಬೀಡಿ ಹಚ್ಚುತ್ತಿದ್ದರು. ಸರ್ವೀಸಿಗೆ ಕೊಡಬೇಕಾದಾಗ ಮಾತ್ರ ನಮ್ಮ ಕೈಗೆ ಬಿಡುತ್ತಿರಲಿಲ್ಲ. ಎರಡನ್ನೂ ತಾವೇ ಬಿಚ್ಚಿಸಿಕೊಂಡು, ಅಗ್ರಹಾರದಲ್ಲಿ ಅವರ ಮನೆ ಹತ್ತಿರವೇ ಇದ್ದ ವಾಚ್ ರಿಪೇರಿ ಅಂಗಡಿಗೆ ಹೋಗಿ ಮಾಡಿಸಿಕೊಂಡು ಬರುತ್ತಿದ್ದರು. ಅವರು ತೀರಿಹೋದ ಮೇಲೆ ನಾನು ನನ್ನ ವಾಚನ್ನು ಯಾರಿಂದಲೂ ಬಿಚ್ಚಿಸಲಿಲ್ಲ. ಒಳಗಿನ ಮಾಲು ಬದಲಾಯಿಸಿಬಿಟ್ಟರೆ?

ಅಸಲಿ ನನ್ನದೇ ಎಂಬುದಕ್ಕೆ ಸಾಕ್ಷಿ ಬೇಕಿರಲಿಲ್ಲ. ಸಂಪಿನ ನೀರು, ಟ್ಯಾಂಕಿನ ನೀರು, ಒಮ್ಮೆ ಮೋರಿ ನೀರು ಸಹ ಕಂಡ ವಾಚು ಒಂದು ಹನಿ ಒಳಗೆ ಬಿಟ್ಟುಕೊಂಡಿಲ್ಲ. ಭಾವನದೋ, ಕೈ ತೊಳೆದರೆ ಸಾಕು, ಗಾಜಿನೊಳಗೆ ಮಂಜು ಕಟ್ಟುತ್ತದೆ. ಆದರೆ ಭಾವನ ವಾದವೇ ಬೇರೆ. ಅವರದು ರೇಡಿಯೋ ವಾರ್ತೆಯ ಜೊತೆಗೇ ನಡೆಯುತ್ತದೆ. ನನ್ನದು ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತದೆ.

"ನಿಮ್ಮ ವಾಚು ನೀರು ಕುಡೀತದೆ ಭಾವ."

"ನಿಮ್ದು ನೀರು ಕುಡಿಯಲ್ಲ ಮೇಸ್ತ್ರಿಗಳೇ, ಬೇರೆ ಏನೋ ಕುಡಿದಿದೆ. ಅದಕ್ಕೇ ಹಂಗೆ ತೂರಾಡ್ಕೊಂಡು ನಡೆಯೋದು."

ಹೀಗೇ ಕಾಲ ಕಳೆದು ಹೋಗುತ್ತಿತ್ತೋ ಏನೋ. ಆದರೆ ಭಾವ ರಿಟೈರ್ ಆದರು, ಕೈಗೆ ದೊಡ್ಡ ಫೋನು ಬಂತು. ಹಳೆಯ ಮುಳುಗು ವಾಚುಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಕಂಡುಹಿಡಿಯುವುದನ್ನು ಹೇಳಿಕೊಡುವ ವೀಡಿಯೋಗಳು ಅದರಲ್ಲಿ ಬರುತ್ತವಂತೆ. ಅವನ್ನೆಲ್ಲ ಪರೀಕ್ಷೆಗೆ ಓದಿದ ಹಾಗೆ ನೋಡಿ, ಈ ಸಲ ಮಾವನಿಗೆ ಎಡೆ ಇಡುವ ದಿನ ಭೂತಗನ್ನಡಿ ಹಿಡಿದುಕೊಂಡೇ ಅತ್ತೆಯ ಮನೆಗೆ ಬಂದರು.

ಎಡೆ ಮುಗಿದು, ವಡೆ ಪಾಯಸದ ಊಟವಾಗಿ, ಹೆಂಗಸರು ಅಡುಗೆಮನೆಯಲ್ಲಿದ್ದರು. ಭಾವ ನನ್ನ ಕೈ ಹಿಡಿದು ಕಿಟಕಿಯ ಬಳಿ ಕೂರಿಸಿದರು.

"ಮೊದಲು ಕತ್ತಲೆ ಪರೀಕ್ಷೆ" ಎಂದರು. ಮುಳ್ಳು, ಚುಕ್ಕಿಗಳಿಗೆ ಬಳಿದ ಹೊಳೆಯುವ ಬಣ್ಣವನ್ನು ಕತ್ತಲಲ್ಲಿ ನೋಡಬೇಕಂತೆ. ಮಟಮಟ ಮಧ್ಯಾಹ್ನ ಕತ್ತಲೆ ಎಲ್ಲಿಂದ ತರುವುದು? ಮಂಚದ ಮೇಲಿದ್ದ ಕಂಬಳಿ ಎಳೆದು ಇಬ್ಬರ ತಲೆಯ ಮೇಲೂ ಹೊದಿಸಿದರು. ಒಳಗೆ ಬಿಸಿಲಿನ ಸೆಕೆ, ಕಂಬಳಿಯ ಚುಚ್ಚು, ಭಾವನ ನಶ್ಯದ ವಾಸನೆ. ನನ್ನ ವಾಚು ಬೆಕ್ಕಿನ ಕಣ್ಣಿನ ಹಾಗೆ ಹಸಿರಾಗಿ ಮಿನುಗಿತು. ಅವರದು ಸತ್ತು ಮಲಗಿತ್ತು.

"ನೋಡ್ಕೊಳಿ!" ಎಂದೆ.

"ನೋಡ್ದೆ. ನಿಮ್ದು ಡೂಪ್ಲಿಕೇಟು."

"ಏನಂದ್ರಿ?"

"ಆ ಕಾಲದ ಅಸಲಿ ಬಣ್ಣ ಇಷ್ಟೊತ್ತಿಗೆ ಸತ್ತು ಹೋಗಿರ್ಬೇಕು. ಇನ್ನೂ ಹೊಳೀತಿದೆ ಅಂದ್ರೆ ಬೇರೆ ಬಣ್ಣ ಬಳಿದಿದಾರೆ ಅಂತ ಅರ್ಥ."

"ಉರಿಯೋ ಬಲ್ಬು ಡೂಪ್ಲಿಕೇಟು, ಸುಟ್ಟೋಗಿರೋ ಬಲ್ಬು ಒರಿಜಿನಲ್ಲಾ? ಯಾವ ಕಾಲೇಜಲ್ಲಿ ಹೇಳ್ಕೊಟ್ರು ಭಾವ?"

ಅಷ್ಟರಲ್ಲಿ ನನ್ನ ಹೆಂಡತಿ ಬಂದಳು. "ರೀ, ಕಂಬ್ಳಿ ಒಳ್ಗೆ ಏನ್ ಮಾಡ್ತಾ ಇದ್ದೀರಾ ಇಬ್ರೂ?" ಎಂದಳು. ಕಂಬಳಿ ಸರಿಸಿದರೆ ಅವಳ ಹಿಂದೆ ಅವಳಕ್ಕ, ಅವಳ ಹಿಂದೆ ಅತ್ತೆ. ಬೆವರು ಸುರಿಯುತ್ತಿದ್ದ ನಮ್ಮಿಬ್ಬರ ಮುಖ ನೋಡಿ ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದರು.

ಭಾವ ನಿಲ್ಲಿಸಲಿಲ್ಲ. ಭೂತಗನ್ನಡಿಯಲ್ಲಿ ಡಯಲ್ಲಿನ ಅಕ್ಷರ ತೋರಿಸಿದರು. ಅವರ ವಾಚಿನ ಅಕ್ಷರ ಸಣ್ಣ, ಕೊರೆದ ಹಾಗೆ ಚೂಪು. ನನ್ನದರಲ್ಲಿ ಅಕ್ಷರದ ಅಂಚು ಮಸಿ ಹೀರಿದ ಕಾಗದದಂತೆ ಹರಡಿತ್ತು. ಒಳಗೊಳಗೇ ಅನುಮಾನ ಬಂತು, ನಿಜ. ಹೊರಗೆ ತೋರಿಸಿಕೊಳ್ಳುತ್ತೇನೆಯೇ?

"ನಿಮ್ಮ ಡಯಲ್ಲಿನ ಚುಕ್ಕಿ ಯಾಕೆ ಹಂಗೆ ಹಳದಿ ಆಗದೆ?"

"ವಯಸ್ಸು ಮೇಸ್ತ್ರಿಗಳೇ. ಹಂಗೇ ಆಗ್ಬೇಕು. ಆದರೆ ಕೆಲವು ಖದೀಮರು ಟೀ ಡಿಕಾಕ್ಷನ್ ಬಳಿದು ಹಳದಿ ಮಾಡ್ತಾರಂತೆ, ಹಳೇದು ಅಂತ ತೋರ್ಸಕ್ಕೆ…"

ಹೇಳಬಾರದಿತ್ತು ಎಂದು ಅವರಿಗೂ ಅನ್ನಿಸಿತು. ತಡವಾಗಿತ್ತು.

"ಅತ್ತೆ!" ಎಂದು ಕೂಗಿದೆ. "ಭಾವನ ವಾಚ್ಗೆ ಟೀ ಬಳಿದವ್ರಂತೆ. ಸಕ್ಕರೆ ಹಾಕಿದ್ದೋ, ಹಾಕದೇ ಇದ್ದದ್ದೋ?"

ಆಮೇಲೆ ನಾನು ಬಚ್ಚಲಿನಿಂದ ಬಕೆಟ್ಟು ತಂದು ನನ್ನ ವಾಚನ್ನು ಮುಳುಗಿಸಿಟ್ಟೆ. ಅದರ ಕೀ ಬರಿದೇ ಒತ್ತುವಂಥದಲ್ಲ, ನಲ್ಲಿ ಮುಚ್ಚಳದ ಹಾಗೆ ತಿರುಪಿ ಬಿಗಿಯುವಂಥದು. ಅದೊಂದನ್ನು ನೋಡಿದರೆ ಸಾಕು, ಮಾಡಿದವನಿಗೆ ನೀರು ಎಂದರೇನೆಂದು ಗೊತ್ತಿತ್ತು ಎಂದು ನನಗೆ ತಿಳಿಯುತ್ತದೆ. "ಈಗ ನಿಮ್ದು ಹಾಕಿ" ಎಂದೆ. ಭಾವ ತಮ್ಮ ವಾಚನ್ನು ಹಾಲುಗಲ್ಲದ ಮಗುವಿನ ಹಾಗೆ ಎದೆಗೆ ಅವಚಿಕೊಂಡರು. ನನ್ನ ಹೆಂಡತಿಯ ಅಕ್ಕ, "ಇಬ್ರೂ ಎದ್ದು ಆ ಅಂಗ್ಡಿಗೆ ಹೋಗಿ ಬಿಚ್ಚಿಸ್ಕೊಂಡು ಬನ್ನಿ. ಇಲ್ದಿದ್ರೆ ಈ ಬಕೆಟ್ ನೀರು ನಿಮ್ಮ ತಲೆ ಮೇಲೆ" ಎಂದರು.

ಅಂಗಡಿ ಅದೇ, ಗಲ್ಲಿಯೂ ಅದೇ. ಮಾವನ ಕಾಲದ ರಿಪೇರಿಯವರು ತೀರಿಹೋಗಿ, ಅವರ ಮಗಳು ನಡೆಸುತ್ತಿದ್ದಳು. ಕಣ್ಣಿಗೆ ಕಪ್ಪು ಮಸೂರ ಸಿಕ್ಕಿಸಿಕೊಂಡು ನಮ್ಮ ವಾಚುಗಳನ್ನು ತೆಗೆದುಕೊಂಡಳು. ನನ್ನದು ಇನ್ನೂ ತೊಟ್ಟಿಕ್ಕುತ್ತಿತ್ತು.

"ಹಳೇ ವಾಚನ್ನ ಯಾರಾದ್ರೂ ನೀರಿಗೆ ಹಾಕ್ತಾರಾ ಅಂಕಲ್? ಒಳಗಿನ ರಬ್ಬರು ಎಷ್ಟು ವರ್ಷ ತಡಿಯುತ್ತೆ?" ಎಂದು ಮೊದಲು ನನ್ನನ್ನೇ ಗದರಿದಳು. ವಾಷರಿನ ವಿಷಯದಲ್ಲಿ ನನಗೆ ಬುದ್ಧಿ ಹೇಳಿದ ಮೊದಲ ವ್ಯಕ್ತಿ ಅವಳು. ಬೇರೆ ದಿನವಾಗಿದ್ದರೆ ಸುಮ್ಮನಿರುತ್ತಿರಲಿಲ್ಲ.

ಭಾವನ ವಾಚಿನ ಬೆನ್ನು ಬಿಚ್ಚಿದಳು. "ಅಬ್ಬಾ!" ಎಂದಳು. ಒಳಗಿನ ಮೆಷಿನ್ನು ಬಂಗಾರದ ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ಅದರ ಮೇಲೆ ಕಂಪನಿಯ ಹೆಸರು ಕೊರೆದಿತ್ತು. "ಒರಿಜಿನಲ್ ಅಂಕಲ್. ಡಯಲ್ಲೂ ಒರಿಜಿನಲ್, ಮುಳ್ಳೂ ಒರಿಜಿನಲ್."

ಭಾವ ನನ್ನ ಕಡೆ ತಿರುಗಲಿಲ್ಲ. ತಿರುಗದೇ ಇದ್ದದ್ದೇ ಇನ್ನೂ ಹೆಚ್ಚು ಉರಿಸಿತು. ಚಪ್ಪರದಲ್ಲಿ ಮಾವ ವಾಚು ಕಟ್ಟಿದಾಗ ನನ್ನ ಮಣಿಕಟ್ಟನ್ನು ಒಂದು ಗಳಿಗೆ ಹೆಚ್ಚಾಗಿ ಹಿಡಿದಿದ್ದರು ಎಂದು ನಾನು ನಂಬಿಕೊಂಡು ಬಂದವನು. ಅಂಗಡಿಯ ಮುಂದೆ ನಿಂತಿದ್ದ ಸ್ಕೂಟರಿನ ಚಕ್ರ ನೋಡುತ್ತಾ ನಿಂತೆ.

"ಆದರೆ ಕೇಸು, ಈ ಹೊರಗಿನ ಡಬ್ಬ, ಡೂಪ್ಲಿಕೇಟು" ಎಂದಳು ಅವಳು. "ನೋಡಿ, ಮೂಲೆಯಲ್ಲಿ ಗಿಲೀಟು ಹೋಗಿ ಹಿತ್ತಾಳೆ ಕಾಣ್ತಿದೆ. ಅದಕ್ಕೇ ನೀರು ನುಗ್ಗೋದು."

ಈಗ ನಾನು ಭಾವನ ಕಡೆ ತಿರುಗಿದೆ. ಚೆನ್ನಾಗಿಯೇ ತಿರುಗಿದೆ.

ಆಮೇಲೆ ನನ್ನದು. ಬೆನ್ನು ತಿರುಗಿಸಲು ಅವಳು ತಿಣುಕಬೇಕಾಯಿತು. ಗಟ್ಟಿ ಸ್ಟೀಲು, ಒಳಗೆ ಕಂಪನಿಯ ಮುದ್ರೆ, ಕೀಯ ಮೇಲೂ ಅದೇ ಮುದ್ರೆ. "ಕೇಸು ಒರಿಜಿನಲ್, ಬಳೆ ಒರಿಜಿನಲ್" ಎನ್ನುತ್ತಲೇ ಅವಳಿಗೆ ನಗು ಬಂತು. ಒಳಗೆ ಅಷ್ಟು ದೊಡ್ಡ ಮನೆಯಲ್ಲಿ ಒಂದು ಪುಟ್ಟ ಮೆಷಿನ್ನು ಕೂತಿತ್ತು. ಅಲುಗಾಡದಿರಲೆಂದು ಸುತ್ತ ಹಿತ್ತಾಳೆಯ ಬಳೆಯೊಂದನ್ನು ಅರದಿಂದ ಉಜ್ಜಿ ಕೂರಿಸಿದ್ದರು. ನಮ್ಮ ದೇಶದ್ದೇ ಮೆಷಿನ್ನು, ಬಸ್ ಕಂಡಕ್ಟರುಗಳ ಕೈಯಲ್ಲಿ ಇರುತ್ತಿತ್ತಲ್ಲ, ಅಂಥದು.

"ಈ ಹಿತ್ತಾಳೆ ಬಳೆ ನಮ್ಮಪ್ಪನ ಕೈಕೆಲಸಾನೇ. ನಂಗೆ ಗೊತ್ತಾಗುತ್ತೆ. ಒಂದು ಒರಿಜಿನಲ್, ಒಂದು ಡೂಪ್ಲಿಕೇಟು ಇಟ್ಕೊಂಡು ಮೈ ಇವರಿಗೆ, ಬಟ್ಟೆ ಅವರಿಗೆ ಅಂತ ಹಂಚಿದಾರೆ. ವಾಪಸ್ ಸೇರಿಸ್ಲಾ? ಒಂದು ಪೂರ್ತಿ ಒರಿಜಿನಲ್ ವಾಚು ಆಗುತ್ತೆ. ಇದನ್ನ ಹುಡುಕ್ಕೊಂಡು ಬರೋರಿದಾರೆ ಅಂಕಲ್."

"ಬೇಡ!" ಎಂದೆವು ಇಬ್ಬರೂ ಒಟ್ಟಿಗೆ. ಸೇರಿಸಿದರೆ ಅದು ಯಾರ ಕೈಗೆ? ಬೇರೆ ಯಾವ ವಿಷಯದಲ್ಲೂ ನಾನೂ ಭಾವನೂ ಅಷ್ಟು ಬೇಗ ಒಪ್ಪಿದ್ದು ನನಗೆ ನೆನಪಿಲ್ಲ. ರಬ್ಬರು ಮಾತ್ರ ಬದಲಾಯಿಸಿಕೊಡು ಎಂದೆವು.

ಮನೆಗೆ ಬಂದು ಅತ್ತೆಯ ಮುಂದೆ ಕೂತೆವು. ಅವರು ಎಲೆಗೆ ಸುಣ್ಣ ಸವರುತ್ತಿದ್ದರು.

"ಬಿಚ್ಬುಟ್ರಾ?" ಎಂದರು.

"ನಿಮಗೆ ಗೊತ್ತಿತ್ತಾ ಅತ್ತೆ?"

"ಗೊತ್ತಿಲ್ದೆ ಏನು? ಇರಾದು ಒಂದು ವಾಚು, ಅಳಿಯಂದ್ರು ಇಬ್ರು. ಒಬ್ರಿಗೆ ಕೊಟ್ಟು ಇನ್ನೊಬ್ರಿಗೆ ಕೊಡ್ದೇ ಹೋದ್ರೆ ನನ್ನ ಹೆಣ್ಮಕ್ಕಳಲ್ಲಿ ಒಬ್ಳು ದಿನಾ ಮಾತು ಕೇಳ್ಬೇಕು. ಪಾಪ, ಮೂರು ರಾತ್ರಿ ನಿದ್ದೆ ಮಾಡ್ಲಿಲ್ಲ ನಿಮ್ಮಾವ. ಆಮ್ಯಾಕೆ ಹಂಗೇ ಇರೋ ಡೂಪ್ಲಿಕೇಟು ಒಂದು ತಂದು, ಎರಡನ್ನೂ ಬಿಚ್ಚಿಸಿ, ಸಮಸಮ ಮಾಡಿಸ್ಕಂಡು ಬಂದ್ರು."

"ಅದ್ಸರಿ, ಇವ್ರಿಗೆ ಯಾಕೆ ಮೆಷಿನ್ನು, ನಂಗ್ಯಾಕೆ ಬರೀ ಡಬ್ಬ?" ಎಂದೆ. ಅದು ಕೇಳದೆ ನಾನು ಆ ಮನೆಯಿಂದ ಏಳುವಂತಿರಲಿಲ್ಲ.

ಅತ್ತೆ ನನ್ನನ್ನು ದಡ್ಡ ಹುಡುಗನನ್ನು ನೋಡುವ ಹಾಗೆ ನೋಡಿದರು. "ಅವ್ರು ಆಫೀಸ್ಗೆ ಹೋಗೋರು, ಹೊತ್ತಿಗೆ ಸರಿಯಾಗಿ ಹೋಗ್ಬೇಕು. ನೀವು ನೀರ್ಗೆ ಇಳಿಯೋರು. ನೀರು ಹೋಗಿ ವಾಚು ನಿಂತೋದ್ರೆ, ಮಾವ ಕೊಟ್ಟ ವಾಚು ನಿಂತೋಯ್ತು ಅಂತ ಮನ್ಸಿಗೆ ಹಚ್ಕೊಳಕಿಲ್ವಾ? ನೀವು ಮೊದ್ಲೇ ಮುಂಗೋಪಿ." ಎಲೆ ಮಡಚಿ ಬಾಯಿಗಿಟ್ಟು, "ಇನ್ನು ಈ ಮನೇಲಿ ಯಾರದು ಒರಿಜಿನಲ್ಲು ಅಂತ ಸೊಲ್ಲೆತ್ತಿದ್ರೆ ಎರಡೂ ಕಿತ್ಕಂಡು ನಾನೇ ಕಟ್ಕತೀನಿ. ಈ ಕೈಗೊಂದು, ಆ ಕೈಗೊಂದು" ಎಂದರು.

ನಾನು ಎದ್ದು ಹೋಗಿ ಮಾವನ ಫೋಟೋದ ಮುಂದೆ ನಿಂತೆ. ಎಡೆಯಲ್ಲಿ ನನ್ನ ಪಾಲೆಂದು ಮತ್ತೊಂದು ವಡೆ ತೆಗೆದುಕೊಂಡೆ. ಭಾವ ಬಂದು ಪಕ್ಕದಲ್ಲಿ ನಿಂತು, ಅವರೂ ಒಂದು ತೆಗೆದುಕೊಂಡರು. ಉಳಿದಿದ್ದು ಒಂದೇ. ಇಬ್ಬರೂ ಅದನ್ನು ನೋಡಿದೆವು. ಭಾವ ಅದನ್ನು ಮುರಿದರು.

ಹೆಂಗಸರು ಅಲ್ಲೇ ಉಳಿದರು. ಭಾವನ ಮನೆ ಬನ್ನಿಮಂಟಪದಲ್ಲಿ, ಕೆಸರೆಗೆ ಹೋಗುವ ನನಗೆ ಅದೇ ದಾರಿ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಮಳೆ ಶುರುವಾಯಿತು. ಬದಿಗೆ ನಿಲ್ಲಿಸುವಷ್ಟರಲ್ಲಿ ಭಾವ ವಾಚು ಬಿಚ್ಚಿ, ಅತ್ತೆ ವಡೆ ಕಟ್ಟಿಕೊಟ್ಟಿದ್ದ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿ ಗಂಟು ಹಾಕಿಬಿಟ್ಟಿದ್ದರು. ನಾನು ಅಂಗಿಯ ತೋಳು ಮಡಚಿ, ನನ್ನ ವಾಚಿಗೆ ಚೆನ್ನಾಗಿ ಮಳೆ ಬೀಳುವ ಹಾಗೆ ಎಡಗೈ ಚಾಚಿದೆ.

"ಮೇಸ್ತ್ರಿಗಳೇ, ಗಾಡಿ ಬಿಡೋವಾಗ ಎರಡೂ ಕೈ ಹ್ಯಾಂಡಲ್ ಮೇಲಿರ್ಲಿ!"

"ಟೈಮೆಷ್ಟು ಭಾವ?"

"ಕವರ್ ಬಿಚ್ಚಕ್ಕಾಗಲ್ಲ. ನಿಮ್ದರಲ್ಲಿ ನೋಡಿ."

ಗಾಜಿನ ಮೇಲಿನ ನೀರು ಒರೆಸಿ ನೋಡಿದೆ. "ನಾಲ್ಕೂ ಇಪ್ಪತ್ತು."

"ಹಂಗಾದ್ರೆ ನಾಲ್ಕೂವರೆ" ಎಂದರು.

ಸರಿಯಾಗಿಯೇ ಇತ್ತು. ನಾನು ಎರಡೂ ಕೈ ಹ್ಯಾಂಡಲ್ ಮೇಲಿಟ್ಟು ಗಾಡಿ ಬಿಟ್ಟೆ.