ಮೂರು ಸಾವು, ಒಬ್ಬನೇ ಸಾಕ್ಷಿ

ನೂರು ವರ್ಷಕ್ಕೂ ಹಿಂದಿನ ಒಬ್ಬ ಲಾಂಡ್ರಿ ಕೆಲಸಗಾರನ ಮೇಲೆ ಮೂರು ಕೊಲೆ ಹೊರಿಸಿದ ಕೀರ್ತಿ ನನ್ನದು. ಅದನ್ನು ಇಮೇಲ್‌ನಲ್ಲಿ ಅವನ ಮರಿಮಗಳಿಗೇ ಕಳಿಸಿದ ಬುದ್ಧಿವಂತನೂ ನಾನೇ.

ಎರಡು ವರ್ಷದ ಹಿಂದೆ ನಾನು ಐರ್ಲೆಂಡಿನ ಒಂದು ದಾಖಲೆ ಕಚೇರಿಯಲ್ಲಿ ಹಳೆಯ ಇನ್‌ಕ್ವೆಸ್ಟ್ ಕಾಗದಗಳನ್ನು ಸ್ಕ್ಯಾನ್ ಮಾಡುತ್ತಿದ್ದೆ. ಯಾರಾದರೂ ಅಸಹಜವಾಗಿ ಸತ್ತರೆ ಕೊರೊನರ್ ಎಂಬ ಅಧಿಕಾರಿ ಸಾಕ್ಷಿಗಳನ್ನು ಕರೆಸಿ ನಡೆಸುವ ವಿಚಾರಣೆಯೇ ಇನ್‌ಕ್ವೆಸ್ಟ್. ಡಗ್ಲಸ್ ಎಂಬ ಊರಿನಿಂದ ಮೇ ಎಂಬಾಕೆ ಬರೆದಿದ್ದರು: ಚೀನಾದಿಂದ ಬಂದ ಮುತ್ತಜ್ಜ ಲಿನ್ ಬಂದರಿನ ಲಾಂಡ್ರಿಯಲ್ಲಿದ್ದರು, ಅವರ ಹೆಸರು ಎಲ್ಲಾದರೂ ಇದೆಯೇ?

ಇತ್ತು, ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಒಬ್ಬ ಚೀನೀ ಕೆಲಸಗಾರ ಬಾಯ್ಲರ್ ಹಬೆಯಲ್ಲಿ ಬೆಂದು ಸತ್ತಿದ್ದ, ಸಾಕ್ಷಿ ಲಿನ್. ಇನ್ನೊಬ್ಬ ಹಡಗುಕಟ್ಟೆಯಿಂದ ನೀರಿಗೆ ಬಿದ್ದು ಮುಳುಗಿದ್ದ, ಲಿನ್. ಮೂರನೆಯವನು ಇದ್ದಿಲ ಹೊಗೆಗೆ ಉಸಿರುಗಟ್ಟಿದ್ದ, ಮತ್ತೆ ಲಿನ್! ನನ್ನೊಳಗಿನ ಪತ್ತೇದಾರ ಎದ್ದು ಕೂತ. ಆಡಮ್ಸ್‌ಟೌನ್‌ನಲ್ಲಿ ನಮ್ಮ ಪಕ್ಕದ ಮನೆಯ ಸುಮಾ ಅಕ್ಕ ನೇಸ್ ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರ್. ಅವರಿಗೆ ಫೋನ್ ಮಾಡಿದೆ.

“ಅಕ್ಕ, ಮೂರು ಸಾವಲ್ಲೂ ಒಬ್ಬನೇ. ಡೌಟ್ ಬರಲ್ವಾ?”

“ಬರುತ್ತಪ್ಪ, ಬರುತ್ತೆ. ನಾಳೆ ಆಸ್ಪತ್ರೆಗೆ ಬಾ. ರಾಯಚೂರಿನ ಅಜ್ಜಿ ಒಬ್ರು ಅಡ್ಮಿಟ್ ಆಗವ್ರೆ, ಇಂಗ್ಲಿಷ್ ಬರಲ್ಲ. ಯಾವಾಗ್ಲೂ ಹಂಗೆ ನೀನೇ ಭಾಷಾಂತರ ಮಾಡ್ಬೇಕು.”

ಮೊದಲು ನನ್ನ ಅನುಮಾನವನ್ನೆಲ್ಲ ಮೇಗೆ ಇಮೇಲ್ ಮಾಡಿ, ಆಮೇಲೆ ಅಜ್ಜಿಗೆ ಮಾತು ದಾಟಿಸಲು ಹೋದೆ. ಮೇ ಉತ್ತರಿಸಿದರು: “ಅಪ್ಪನಿಗೆ ಓದಿ ಹೇಳಿದೆ. ಅವರು ಗೋಡೆ ಮೇಲಿದ್ದ ತಮ್ಮ ತಾತನ ಫೋಟೊ ಇಳಿಸಿ ಬೀರುವಿನಲ್ಲಿಟ್ಟರು.”

ಪತ್ತೇದಾರ ಹಳೆಯ ಕಟ್ಟನ್ನು ಮತ್ತೆ ಬಿಚ್ಚಿದ. ಮೊದಲ ಬಾರಿಗೆ ಮೂಲ ಕಾಗದಗಳನ್ನು ಸರಿಯಾಗಿ ಓದಿದೆ. ಮೂರರ ಅಂಚಿನಲ್ಲೂ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಲಿನ್, ಭಾಷಾಂತರಕ್ಕಾಗಿ ಪ್ರಮಾಣ ಮಾಡಿದವನು. ಆ ಲಾಂಡ್ರಿಯಲ್ಲಿ ಇಂಗ್ಲಿಷ್ ಬಲ್ಲವನು ಅವನೊಬ್ಬನೇ; ಉಳಿದವರ ಸಾಕ್ಷ್ಯವೆಲ್ಲ ಅವನ ಬಾಯಿಂದಲೇ ಹೊರಟದ್ದು. ಸ್ಕ್ಯಾನ್ ಮಾಡುವಾಗ ಅಂಚು ಕೊಳಕಾಗಿದೆ ಎಂದು ನಾನೇ ಕತ್ತರಿಸಿ, ಪುಟವನ್ನು ಮದುಮಗನಂತೆ ಸಿಂಗರಿಸಿದ್ದೆ.

ಪ್ರತಿಗಳನ್ನು ಹಿಡಿದು ಡಗ್ಲಸ್‌ಗೆ ಓಡಿದೆ. ಮೇಯ ಅಪ್ಪ ಕಾಗದವನ್ನೂ ನನ್ನನ್ನೂ ಒಂದೇ ಅನುಮಾನದಿಂದ ನೋಡಿದರು.

“ಅವರು ಸಾಯೋವಾಗ ತಾತ ಅಲ್ಲಿದ್ರಾ?”

“ಇಲ್ಲ ಸರ್. ಆಮೇಲೆ ಕರೆಸಿದ್ರು. ಬೇರೆ ಯಾರಿಗೂ ಇಂಗ್ಲಿಷ್ ಬರ್ತಿರ್ಲಿಲ್ಲ.”

“ಈ ಸಲ ಪೂರ್ತಿ ಓದಿದ್ದೀಯಾ?”

“ಅಂಚಿನ ಸಮೇತ.”

ಅವರೇ ಎದ್ದು ಹೋಗಿ ಬೀರುವಿನ ಬಾಗಿಲು ತೆರೆದರು.

ಅಂಚಿನಲ್ಲಿರುವುದನ್ನು ಕೊಳೆ ಅಂದುಕೊಳ್ಳಬಾರದೆಂದು ಈ ಕೆಲಸ ನನಗೆ ಕಲಿಸಿತು. ವಾಪಸ್ ಬಂದು ಸುಮಾ ಅಕ್ಕನಿಗೆ ಎಲ್ಲ ಒಪ್ಪಿಸಿದೆ. ಅವರು ನಗಲಿಲ್ಲ.

“ಇರ್ಫಾನ್, ನೀನು ಮಾತು ದಾಟಿಸಿದವರಲ್ಲಿ ಮೂರು ಜನ ತೀರಿಹೋದ್ರು, ಆ ಅಜ್ಜಿನೂ ಸೇರಿ. ಆಸ್ಪತ್ರೆಯ ಮೂರು ಫಾರ್ಮಲ್ಲೂ ನಿನ್ನ ಸಹಿ ಐತೆ. ಮುಂದೆ ಅದನ್ನ ಸ್ಕ್ಯಾನ್ ಮಾಡೋನು ನಿನ್ನಂಥವನು ಆಗದೆ ಇರ್ಲಿ ಅಂತ ಬೇಡ್ಕೊ.”