ಉಳವಪ್ಪ ನಾಯಿಗೆ ಮನೆ ನೋಡಿದ್ದು

ನಮ್ಮ ಓಣಿಯ ಉಳವಪ್ಪನ ವಿಷಯ ಹೇಳಬೇಕೆಂದರೆ ಅವನ ಕರಿ ಕೋಟಿನಿಂದ ಶುರು ಮಾಡಬೇಕು. ಮುನವಳ್ಳಿಯ ಬಿಸಿಲಿಗೆ ಎಮ್ಮೆಗಳೂ ನೀರು ಬಿಟ್ಟು ಮೇಲೆ ಬರುವುದಿಲ್ಲ. ಈ ಮನುಷ್ಯ ಮಾತ್ರ ಕೋಟಿನ ಗುಂಡಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಡುತ್ತಾನೆ. ಅದರ ಒಳಜೇಬು ಹರಿದಾಗಲೆಲ್ಲ ಹೊಲಿದುಕೊಟ್ಟವಳು ನಾನೇ, ಪಕ್ಕದ ಮನೆಯ ಗುರವ್ವ, ಹೊಲಿಗೆ ಕೆಲಸದವಳು. ಎಡಜೇಬಿನಲ್ಲಿ ಗಂಡುಗಳ ಫೋಟೋ, ಬಲಜೇಬಿನಲ್ಲಿ ಹೆಣ್ಣುಗಳ ಫೋಟೋ. ಉಳವಪ್ಪ ಮದುವೆ ಬ್ರೋಕರ್. ಈಗ ಫೋಟೋಗಳೆಲ್ಲ ಮೊಬೈಲಿಗೆ ಹೋಗಿವೆ, ಜೇಬು ಖಾಲಿ, ಆದರೂ ಕೋಟು ಇಳಿದಿಲ್ಲ.

ಬೈಲಹೊಂಗಲದಿಂದ ರಾಮದುರ್ಗದವರೆಗೆ ಅವನು ಕೂಡಿಸಿದ ಜೋಡಿಗಳು ಬೇಕಾದಷ್ಟಿವೆ. ಕೂಡಿಸಿದ್ದು ಹೇಗೆ ಎಂದು ಯಾರೂ ಕೇಳಬಾರದು. ಕುಡಿಯುವವನು ಅವನ ಬಾಯಲ್ಲಿ ‘ನಾಕು ಮಂದ್ಯಾಗ ಬೆರೆಯುವವ’ ಆಗುತ್ತಾನೆ. ಉದ್ಯೋಗವಿಲ್ಲದವನು ‘ಮನಿಕಡೆ ನೋಡಿಕೊಳ್ಳುವವ’. ಇದೇನಪ್ಪಾ ಹೀಗೆ ಎಂದು ನಾನೊಮ್ಮೆ ಕೇಳಿದ್ದಕ್ಕೆ ಕೊಟ್ಟ ಉತ್ತರ ನೋಡಿ:

“ಐಬು ಅಂಬೂದು ಮದುವಿ ಆಗೂತನಕ ಅಷ್ಟ, ಗುರವ್ವಕ್ಕ. ಆದಮ್ಯಾಲ ಅದು ಸ್ವಭಾವ ಆಗತೈತಿ.”

ಸ್ವಂತ ಮಗಳಿಗೂ ಇದೇ ಲೆಕ್ಕ ಹಚ್ಚಿದ. ಶೈಲಜಾ, ತಾಯಿಯಿಲ್ಲದ ಹುಡುಗಿ. ಬ್ರೋಕರನ ಮಗಳ ಸಂಬಂಧವೆಂದರೆ ಊರೇ ಬಾಯಿ ತೆರೆದು ನೋಡಬೇಕಲ್ಲವೇ, ಅದಕ್ಕೆ ರಾಮದುರ್ಗದ ಕಡೆಯ ದೊಡ್ಡ ಮನೆತನ ಹುಡುಕಿದ. ಆ ಹುಡುಗ ಕುಡಿದು ಕೈ ಮಾಡುತ್ತಾನೆಂದು ಅವನ ಊರಿನ ಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತಿತ್ತು, ಉಳವಪ್ಪನಿಗೂ ಗೊತ್ತಿತ್ತು. ಮಗಳಿಗೆ ಮಾತ್ರ ಗೊತ್ತಿರಲಿಲ್ಲ. ಮದುವೆಯಾಗಿ ಹೋದವಳು ಮುಂಗೈ ಮುರಿಸಿಕೊಂಡು ತಿರುಗಿ ಬಂದಳು. “ಆರಾಮಿಲ್ಲ, ತವರಿಗೆ ಬಂದಾಳ, ನಾಳೆ ನಾಡಿದ್ದ ಹೋಗತಾಳ” ಎಂದು ಇವನು ಊರಿಗೆ ಸಾರಿದ. ಆ ನಾಳೆ ನಾಡಿದ್ದು ಎರಡು ವರ್ಷದಿಂದ ಬಂದಿಲ್ಲ. ಬಾಗಿಲಿಗೆ ಯಾರಾದರೂ ಬಂದರೆ ಶೈಲಜಾ ಒಳಗಿನ ಕೋಣೆಗೆ ಸರಿಯುತ್ತಾಳೆ. ನಮ್ಮಿಬ್ಬರ ಮನೆಗೆ ಒಂದೇ ಗೋಡೆ. “ಹೊಂದಿಕೊಂಡು ಹೋಗಬೇಕವ್ವಾ, ಹಿಂಗ ಎಷ್ಟ ದಿನಾ ಕುಂಡರತಿ” ಎಂದು ಅಪ್ಪ ಹೇಳುವುದು ನನಗೆ ಈಚೆ ಕೇಳಿಸುತ್ತದೆ. ಮಗಳ ಉತ್ತರ ಎಂದೂ ಕೇಳಿಸಿಲ್ಲ.

ಇನ್ನು ನಾಯಿಯ ವಿಷಯ. ದನದ ದವಾಖಾನೆಯಲ್ಲಿ ಆಯಾ ಆಗಿದ್ದ ತಾಯವ್ವ ನಿವೃತ್ತಿಯಾದ ಮೇಲೆ ಹಳೆಯ ಹತ್ತಿ ಗೋದಾಮಿನಲ್ಲಿ ಬೀದಿನಾಯಿಗಳನ್ನು ಸಾಕುತ್ತಿದ್ದಳು. ಕಾಲು ಮುರಿದವು, ಹುಣ್ಣಾದವು, ಗುಡ್ಡದ ಯಲ್ಲಮ್ಮನ ಜಾತ್ರೆಗೆ ಬಂದವರ ಎತ್ತಿನ ಚಕ್ಕಡಿಯ ಹಿಂದೆ ಬಂದು ತಪ್ಪಿಸಿಕೊಂಡವು, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಓಣಿಯವರು ಅದನ್ನು ನಾಯಿಗಳ ಛತ್ರ ಎಂದು ಆಡಿಕೊಳ್ಳುತ್ತಿದ್ದರು, ಮನೆಯಲ್ಲಿ ಅನ್ನ ಉಳಿದರೆ ಅಲ್ಲಿಗೇ ಕೊಟ್ಟು ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಮಾಲೀಕ ಗೋದಾಮು ಕೆಡವಿ ಮಳಿಗೆ ಕಟ್ಟಿಸಲು ಹೊರಟ. ತಾಯವ್ವ ನೇಸರಗಿಯಲ್ಲಿ ತಮ್ಮನ ಬಾಡಿಗೆ ಮನೆ ಸೇರಬೇಕಾಯಿತು, ಅಲ್ಲಿ ನಾಯಿ ಕೂಡದು. ಕಾಡಿ ಬೇಡಿ ಎಲ್ಲ ನಾಯಿಗಳಿಗೂ ಮನೆ ಹುಡುಕಿದಳು. ಒಂದು ಉಳಿಯಿತು. ಬೆಲ್ಲದ ಬಣ್ಣದ ಹೆಣ್ಣು ನಾಯಿ, ಹೆಸರು ಬೆಲ್ಲಿ. ಯಾರಾದರೂ ಕೈ ಎತ್ತಿದರೆ, ತಲೆ ಕೆರೆದುಕೊಳ್ಳಲು ಎತ್ತಿದರೂ ಸರಿ, ನೆಲಕ್ಕೆ ಅಂಟಿ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಅದನ್ನು ಬೀದಿಗೆ ಬಿಟ್ಟರೆ ಬಜಾರದ ನಾಯಿಗಳು ಹರಿದು ಹಾಕುತ್ತವೆ. ತಾಯವ್ವ ಅದನ್ನೇ ಹೇಳಿಕೊಂಡು ಚಹಾದಂಗಡಿಯ ಮುಂದೆ ಅಳುತ್ತಿದ್ದಳು.

ಅಲ್ಲಿ ಕೋಟು ಕೂತಿತ್ತು.

“ಅಳಬ್ಯಾಡ ತಾಯವ್ವ. ಎಂಥೆಂಥಾವರನ್ನ ದಡಾ ಮುಟ್ಟಿಸೇನಿ, ಒಂದ ನಾಯಿ ಏನ ದೊಡ್ಡದ? ಗೋದಾಮ ಕೆಡವೂದರಾಗ ಬೆಲ್ಲಿಗೆ ಮನಿ ತೋರಸತೇನಿ” ಎಂದ ಉಳವಪ್ಪ.

ಅಂಗಡಿಯಲ್ಲಿದ್ದವರು ನಕ್ಕರು. ತಾಯವ್ವ ನಗಲಿಲ್ಲ. ಹಗ್ಗ ತಂದು ಅವನ ಕೈಗೇ ಕೊಟ್ಟು, “ನಿನ್ನ ಮಾತಿನ ಮ್ಯಾಲ ಬಿಟ್ಟ ಹೊಂಟೇನಿ, ಉಳವಪ್ಪಣ್ಣ” ಎಂದಳು. ನಾಲಿಗೆಯಲ್ಲೇ ಸಂಸಾರ ನಡೆಸಿದವನ ಕೈಗೆ ಕೊನೆಗೂ ಒಂದು ಜೀವ ಬಂದು ಬಿತ್ತು. ಮನೆಗೆ ಕರೆತಂದರೆ ಅದು ಸೀದಾ ಶೈಲಜಾಳ ಕೋಣೆಗೆ ಹೋಗಿ ಮಂಚದ ಕೆಳಗೆ ಸೇರಿತು. ಆ ಮನೆಯಲ್ಲಿ ಜನ ಕಂಡರೆ ಒಳಗೆ ಸರಿಯುವವರು ಈಗ ಇಬ್ಬರಾದರು.

ಉಳವಪ್ಪನಿಗೆ ಒಂದೇ ವಿದ್ಯೆ ಗೊತ್ತು, ಅದನ್ನೇ ಹಚ್ಚಿದ. ನಾಯಿಯ ಬಯೋಡೇಟಾ ಮಾಡಿ ವಧು-ವರರ ಗ್ರೂಪಿಗೆ ಬಿಟ್ಟ. ‘ಹೆಸರು ಬೆಲ್ಲಿ, ಬಣ್ಣ ಗೋಧಿ, ಹಿರಿಯರಿಗೆ ಗೌರವ ಕೊಡುವ ಸ್ವಭಾವ.’ ಫೋಟೋ ತೆರೆದು ನೋಡುವ ಮೊದಲೇ ಇಬ್ಬರು ನಕ್ಷತ್ರ ಕೇಳಿದರು. ನಮ್ಮ ಕಡೆ ಗಂಡುಗಳ ಪರಿಸ್ಥಿತಿ ಹಾಗಿದೆ, ನಗಬೇಡಿ.

ಮೊದಲು ನೋಡಲು ಬಂದವನು ಬೈಲಹೊಂಗಲದ ಗೊಬ್ಬರದ ವ್ಯಾಪಾರಿ ನಿಜಗುಣಪ್ಪ. ಹೊಸ ಬಂಗಲೆ ಕಟ್ಟಿಸಿದ್ದ, ಗೇಟಿನ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ ಮೊದಲೇ ಹಾಕಿಸಿದ್ದ, ನಾಯಿಯೊಂದು ಬಾಕಿ ಇತ್ತು. ಉಳವಪ್ಪ ಕನ್ಯಾ ತೋರಿಸುವ ಶಾಸ್ತ್ರವನ್ನು ಒಂದು ಚೂರೂ ಬಿಡಲಿಲ್ಲ. ಬೆಲ್ಲಿಗೆ ಸೀಗೆಕಾಯಿ ಸ್ನಾನವಾಯಿತು, ಹಣೆಗೆ ಕುಂಕುಮ ಬಂತು. ಕೊರಳಿಗೆ ಕಟ್ಟಲು ಜರಿಯ ಪಟ್ಟಿಯನ್ನು ನನ್ನ ಕೈಯಲ್ಲೇ ಹೊಲಿಸಿದ. ಶೈಲಜಾ ಒಳಗೆ ಉಪ್ಪಿಟ್ಟು ಮಾಡಿದಳು. ನಿಜಗುಣಪ್ಪ ಜಮಖಾನೆಯ ಮೇಲೆ ಕೂತ. ನಾನು ‘ಹುಡುಗಿ ಕಡೆಯವಳು’ ಎಂದು ಗೋಡೆಗೆ ಒರಗಿ ಕೂತೆ. ಕರೆಸಿದ್ದರು, ಹೋಗಿದ್ದೆ. ನೋಡುವ ಆಸೆ ನನಗೂ ಇತ್ತು ಎಂದೇ ಇಟ್ಟುಕೊಳ್ಳಿ.

“ಭಾಳ ಜೋರ್ರಿ ಸಾವುಕಾರ್ರ. ಹೊಸಾ ಮಂದಿ ಕಂಡ್ರ ಮೈಮ್ಯಾಲ ಹೋಗತೈತಿ” ಎನ್ನುತ್ತ ಉಳವಪ್ಪ ಹಗ್ಗ ಎಳೆದ.

ಬೆಲ್ಲಿ ಬರಲಿಲ್ಲ. ಇನ್ನಷ್ಟು ಎಳೆದ. ನಾಲ್ಕೂ ಕಾಲು ಚಾಚಿಕೊಂಡು ನೆಲ ಸಾರಿಸುವ ಬಟ್ಟೆಯ ಹಾಗೆ ಜಾರಿಕೊಂಡು ಬಂತು. ಸಾವುಕಾರ ಮೀಸೆ ತಿದ್ದಲು ಕೈ ಎತ್ತಿದ, ಜಮಖಾನೆಯ ಅಂಚು ಒದ್ದೆಯಾಯಿತು.

“ಸಂಸ್ಕಾರರೀ ಅದು. ದೊಡ್ಡವರ ಮುಂದ ಜೋರ ಮಾಡಂಗಿಲ್ಲ” ಎಂದ ಉಳವಪ್ಪ, ಮುಖದ ಮೇಲೆ ಒಂದು ಗೆರೆ ಅಲುಗಿಸದೆ.

ನಿಜಗುಣಪ್ಪ ಎರಡನೇ ತಾಟು ಉಪ್ಪಿಟ್ಟು ಹಾಕಿಸಿಕೊಂಡ, ಚಹಾ ಕುಡಿದ, ಕೈ ಒರೆಸಿಕೊಂಡು “ಮನ್ಯಾಗ ಕೇಳಿ ತಿಳಸತೇನಿ” ಎಂದ. ಹೆಣ್ಣು ಒಪ್ಪದವರು ಎಲ್ಲ ಕಡೆ ಹೇಳುವ ಮಾತು ಅದೇ. ತಿಳಿಸಲಿಲ್ಲ.

ಈ ಕಡೆ ಗೋದಾಮಿನ ತಗಡು ಇಳಿಸಲು ಶುರು ಮಾಡಿದ್ದರು. ನೇಸರಗಿಯಿಂದ ತಾಯವ್ವ ದಿನಾ ಫೋನ್ ಹಚ್ಚಿ ಕೇಳುತ್ತಿದ್ದಳು. ಉಳವಪ್ಪನ ಹೆಸರು ಚಹಾದಂಗಡಿಯಲ್ಲಿ ಕೆಡುತ್ತಿತ್ತು. ಅವನು ತನ್ನ ಕೊನೆಯ ಅಸ್ತ್ರ ತೆಗೆದ. ಚಿಕ್ಕವಳನ್ನು ತೋರಿಸಿ ದೊಡ್ಡವಳನ್ನು ಕಟ್ಟುವುದು ಅವನ ಧಂದೆಯಲ್ಲಿ ಹೊಸದಲ್ಲ. ಕಿತ್ತೂರಿನ ವಿರೂಪಾಕ್ಷನಿಗೆ ಕೋಳಿ ಫಾರ್ಮ್ ಇತ್ತು, ಕಳ್ಳರ ಕಾಟವೂ ಇತ್ತು. ಅವನು ನೋಡಲು ಬಂದ ದಿನ ಉಳವಪ್ಪ ಕುರಿ ಕಾಯುವ ಮಾಳಪ್ಪನ ಕೆಂಚು ನಾಯಿಯನ್ನು ಬೇಡಿ ತಂದು ಅಂಗಳದಲ್ಲಿ ಕಟ್ಟಿದ. ತೋಳದ ಜೊತೆ ಗುದ್ದಾಡಿದ ನಾಯಿ ಅದು. ವಿರೂಪಾಕ್ಷ ಗೇಟಿನ ಹೊರಗೇ ನಿಂತು ಒಪ್ಪಿಗೆ ಕೊಟ್ಟ, ಉಪ್ಪಿಟ್ಟನ್ನೂ ಅಲ್ಲೇ ತಿಂದ. ಮರುದಿನ ಅವನ ಟೆಂಪೊ ಡ್ರೈವರನ ಕೈಗೆ ಬಾಯಿ ಕಟ್ಟಿದ ಬುಟ್ಟಿಯೊಂದು ಹೋಯಿತು. “ದಾರ್ಯಾಗ ಬಿಚ್ಚಬ್ಯಾಡ ತಮ್ಮಾ, ಕೈ ತುಂಡ ಮಾಡತೈತಿ” ಎಂದು ಉಳವಪ್ಪ ಹೇಳಿದ. ಒಳಗೆ ಬೆಲ್ಲಿ ನಡುಗುತ್ತಿತ್ತು. ಬುಟ್ಟಿ ಅಲುಗಾಡಿದ್ದನ್ನು ಕಂಡು ಡ್ರೈವರ ಹೆದರಿದ.

ಬುಟ್ಟಿ ಬಿಚ್ಚಿದರೆ ಕಿತ್ತೂರಿನಲ್ಲಿ ಏನಾಗಬೇಕೋ ಅದೇ ಆಯಿತು. ಹೇಂಟೆ ಕೋಳಿಯೊಂದು ಓಡಿಸಿಕೊಂಡು ಹೋಗಿ ಬೆಲ್ಲಿಯನ್ನು ಕಾಳಿನ ಚೀಲಗಳ ಹಿಂದೆ ಸೇರಿಸಿತಂತೆ. ಎರಡು ದಿನಕ್ಕೆ ವಿರೂಪಾಕ್ಷ ತಾನೇ ಟೆಂಪೊ ಹೊಡೆದುಕೊಂಡು ಬಂದ. ನಾಯಿಯನ್ನು ಚೀಲದಿಂದ ಅಂಗಳಕ್ಕೆ ಸುರಿದು, “ತೋರಿಸಿದ್ದೊಂದು, ಕೊಟ್ಟಿದ್ದೊಂದು. ಇದೇನ ನಿಮ್ಮ ಧಂದೆ?” ಎಂದ.

“ನಾಕ ದಿನಾ ಹೊಂದಿಸಿಕೊಂಡ ನೋಡಬೇಕಾಗಿತ್ತಪಾ” ಎಂದ ಉಳವಪ್ಪ.

ಬೆಲ್ಲಿಯ ಬೆನ್ನಿನ ಮೇಲೆ ಕೋಲಿನ ಬಾಸುಂಡೆ ಎದ್ದಿತ್ತು. ಹಿಂದೆ ಕೈ ಎತ್ತಿದರೆ ಹೆದರುತ್ತಿದ್ದದ್ದು ಈಗ ಕಾಲಿನ ಸಪ್ಪಳಕ್ಕೂ ಹೆದರತೊಡಗಿತು. ನನಗೆ ಎಂಥ ಸಿಟ್ಟು ಬಂತೆಂದರೆ ಉಳವಪ್ಪನ ಕೋಟನ್ನು ಅಲ್ಲೇ ಹರಿದು ಹಾಕಬೇಕು ಅನ್ನಿಸಿತು. “ನಿನ್ನ ಬಾಯಾಗ ಮಣ್ಣ ಬೀಳಲಿ, ಆ ಮೂಕಪ್ರಾಣಿ ನಿನಗೇನ ಮಾಡಿತ್ತು?” ಎಂದೆ. ಅವನು ಮೊಬೈಲು ನೋಡಿಕೊಳ್ಳುತ್ತ ಒಳಗೆ ಹೋದ. ಶೈಲಜಾ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅರಿಶಿನ ಬಿಸಿ ಮಾಡಿ ತಂದು ಮಂಚದ ಕೆಳಗೆ ತೂರಿದಳು, ಬಹಳ ಹೊತ್ತು ಈಚೆ ಬರಲಿಲ್ಲ.

ಗೋದಾಮು ನೆಲಸಮವಾದ ವಾರ ಉಗರಗೋಳದಿಂದ ಪ್ರಜ್ಞಾ ಎಂಬ ಹೆಣ್ಣುಮಗಳು ನಾಯಿ ನೋಡಲು ಬಂದಳು. ಸವದತ್ತಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ, ಗಂಡ ಆಟೋ ಓಡಿಸುತ್ತಾನೆ. ಅವನು ಆಟೋ ಬಿಟ್ಟು ಇಳಿಯಲಿಲ್ಲ, ಇವಳೊಬ್ಬಳೇ ಒಳಗೆ ಬಂದಳು. ಮತ್ತೆ ಉಪ್ಪಿಟ್ಟಾಗಿತ್ತು, ಮತ್ತೆ ನಾನು ಗೋಡೆಗೆ ಒರಗಿದ್ದೆ. ಉಳವಪ್ಪನಿಗೆ ಇದು ಕೊನೆಯ ಅವಕಾಶ. ಇದೂ ತಪ್ಪಿದರೆ ನಾಯಿಯನ್ನು ಬಜಾರಿಗೆ ಬಿಟ್ಟುಬರುವುದಾಗಿ ಬೆಳಿಗ್ಗೆಯೇ ಮನೆಯಲ್ಲಿ ಹೇಳಿದ್ದ. ಆದರೂ ಚಟ ಎಲ್ಲಿ ಬಿಡುತ್ತದೆ, ಬಾಯಿ ತೆರೆದವನೇ “ನಿಮ್ಮದು ಯಾವ ಪೈಕಿರೀ?” ಎಂದು ಜಾತಿ ವಿಚಾರಿಸಿದ.

ಪ್ರಜ್ಞಾ ಅವನನ್ನೊಮ್ಮೆ ನೋಡಿದಳು. “ಮೊದಲ ನಾಯಿದ ಹೇಳ್ರಿ, ಯಾವ ಪೈಕಿ? ಆಮ್ಯಾಲ ನಮ್ಮದ ಹೇಳತೇನಿ.”

ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಹಿಡಿದೆ. ಉಳವಪ್ಪ ಕೆಮ್ಮಿ, ಕೋಟು ಜಗ್ಗಿಕೊಂಡು, ಬೇರೆ ದಾರಿ ಹಿಡಿದ. “ನಾಯಿ ಅಂದ್ರ ನಾಯಿರೀ ಅಕ್ಕಾರ. ಜೋರ ಅಂದ್ರ ಜೋರ. ಧೈರ್ಯ ಅಂದ್ರ…”

“ಸುಳ್ಳರೀ ಅದು.”

ಮಾತು ಒಳಗಿನ ಬಾಗಿಲಿನಿಂದ ಬಂತು. ಶೈಲಜಾ ಹೊರಗೆ ಬಂದು ನಿಂತಿದ್ದಳು, ಎರಡು ವರ್ಷದಲ್ಲಿ ಹೊರಗಿನವರ ಮುಂದೆ ಮೊದಲ ಸಲ. ಬೆಲ್ಲಿ ಅವಳ ಸೀರೆಯ ಹಿಂದೆ ಅಡಗಿತ್ತು, ಮೂತಿಯಷ್ಟೇ ಕಾಣುತ್ತಿತ್ತು. ಜರಿಯ ಪಟ್ಟಿ ಇರಲಿಲ್ಲ, ಕುಂಕುಮವೂ ಇರಲಿಲ್ಲ.

“ಇದು ಬೊಗಳೂದಿಲ್ಲ. ಕಳ್ಳ ಬಂದ್ರ ಇದ ಮೊದಲ ಓಡತೈತಿ. ಕೈ ಎತ್ತಿದ್ರ ನಿಂತಲ್ಲೇ ಉಚ್ಚಿ ಹೊಯ್ಕೊತೈತಿ. ಗಂಡಸರ ದನಿ ಏರಿದ್ರ ಆ ದಿನಾ ಉಣ್ಣೂದಿಲ್ಲ. ಕಿತ್ತೂರಿನವರು ಒಯ್ದು, ಹೊಡದು, ತಿರುಗಿ ತಂದ ಒಗದ್ರು. ಸುಮ್ಮನ ಬಾಜೂಕ ಕುಂತ್ರ ಬರತೈತಿ, ಆದ್ರ ಭಾಳ ದಿನಾ ಬೇಕು. ಇಷ್ಟ ಐತಿ. ಬೇಕಂದ್ರ ಒಯ್ರಿ, ಬ್ಯಾಡಂದ್ರ ಬಿಡ್ರಿ.”

ಜೀವಮಾನದಲ್ಲಿ ಉಳವಪ್ಪನ ಮನೆಯ ಜಮಖಾನೆಯ ಮೇಲೆ ಯಾರೂ ಇಷ್ಟು ನಿಜ ಒಮ್ಮೆಗೇ ಸುರಿದಿರಲಿಲ್ಲ. “ಹುಡುಗಿಗೆ ತಿಳುವಳಿಕಿ ಕಡಿಮಿರೀ, ಅದರ ಮಾತ ಹಿಡೀಬ್ಯಾಡ್ರಿ” ಎನ್ನುತ್ತ ಅವನು ಎದ್ದ.

ಪ್ರಜ್ಞಾ ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಜಮಖಾನೆ ಬಿಟ್ಟು ಸರಿದು ಬರಿ ನೆಲದ ಮೇಲೆ ಕುಳಿತಳು, ಕೈ ತೊಡೆಯ ಮೇಲಿಟ್ಟುಕೊಂಡಳು, ನಾಯಿಯ ಕಡೆ ನೋಡಲೂ ಇಲ್ಲ. “ನಮ್ಮ ಮನ್ಯಾಗ ಕಳುವಾಗೂವಂಥಾದ್ದ ಏನೂ ಇಲ್ರಿ. ನಮ್ಮ ಮನಿಯವರ ಅವ್ವಗ ಕಣ್ಣ ಕಾಣೂದಿಲ್ಲ. ದಿನಾ ಒಬ್ಬಾಕಿನ ಕಟ್ಟಿಮ್ಯಾಲ ಕುಂಡರತಾಳ. ಬೊಗಳೂ ನಾಯಿ ಅಂದ್ರ ಆಕಿ ಅಂಜತಾಳ” ಎಂದಳು. ಆಮೇಲೆ ಶೈಲಜಾಳನ್ನು ಕೇಳಿದಳು. “ಎಲ್ಲಾರೂ ಗುಣಾ ಹೇಳಿ ಕೊಡತಾರು. ನೀವ್ಯಾಕ ಬರೇ ಐಬ ಹೇಳಿದ್ರಿ?”

“ಹೇಳದ ಕೊಟ್ರ ಏನಾಗತೈತಿ ನನಗ ಗೊತ್ತರೀ” ಎಂದಳು ಶೈಲಜಾ.

ತಾಟುಗಳಲ್ಲಿ ಉಪ್ಪಿಟ್ಟು ಆರುತ್ತಿತ್ತು. ಬೆಲ್ಲಿ ಸೀರೆಯ ಮರೆಯಿಂದ ಈಚೆ ಬಂದು ಪ್ರಜ್ಞಾಳ ಪಾದವನ್ನು ಮೂಸಿ ಮತ್ತೆ ಹಿಂದೆ ಸರಿಯಿತು. ಅಷ್ಟೇ ಸಾಕಾಯಿತು ಅವಳಿಗೆ. ಒಯ್ಯುತ್ತೇನೆಂದಳು. ಶೈಲಜಾ ಬೆಲ್ಲಿಯನ್ನು ತಾನೇ ಎತ್ತಿಕೊಂಡು ಆಟೋದವರೆಗೆ ನಡೆದಳು, ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರೂ ತಲೆ ತಗ್ಗಿಸಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಆಟೋ ಸ್ಟಾರ್ಟ್ ಆಯಿತು. ಉಳವಪ್ಪ ಹಿಂದಿನಿಂದ ಓಡಿ ಬಂದು ನಿಂತ. ಸಂಬಂಧ ಕೂಡಿತಲ್ಲ, ಯಶಸ್ಸು ತನ್ನದೇ. ಹೆಣ್ಣು ಕಳಿಸುವಾಗ ಎಲ್ಲ ಕಡೆ ಹೇಳುವ ಮಾತು ಬಾಯಿಗೆ ತಾನೇ ಬಂತು. “ಇನ್ನ ಇದು ನಿಮ್ಮ ಮನಿ ಮಗಳರೀ. ಏನರ ಹೆಚ್ಚು ಕಡಿಮಿ ಆದ್ರ ಹೊಟ್ಟ್ಯಾಗ ಹಾಕ್ಕೊಂಡ…”

“ಏನರ ಆದ್ರ ಹೊಡೀಬ್ಯಾಡ್ರಿ, ಇಲ್ಲೇ ತಂದ ಬಿಡ್ರಿ. ಈ ಮನ್ಯಾಗ ತಿರುಗಿ ಬಂದವರಿಗೆ ಜಾಗಾ ಐತಿ” ಎಂದಳು ಶೈಲಜಾ, ಅವನ ಮಾತು ಮುಗಿಯಲು ಬಿಡದೆ. ಆಮೇಲೆ ಅಪ್ಪನ ಕಡೆ ತಿರುಗಿದಳು. “ಐತಿ ಹೌದಲ್ಲೋ ಅಪ್ಪಾ?”

ಆಟೋದವನು ಕಾಯುತ್ತಿದ್ದ. ಪ್ರಜ್ಞಾ ನೋಡುತ್ತಿದ್ದಳು, ನಾನು ನೋಡುತ್ತಿದ್ದೆ, ಓಣಿಯೆಲ್ಲ ನೋಡುತ್ತಿತ್ತು. ಉಳವಪ್ಪ ಕೋಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡ. ಶೈಲಜಾ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಐತಿ” ಎಂದ. ಅದಕ್ಕೆ ಮತ್ತೇನೂ ಸೇರಿಸಲಿಲ್ಲ.